ಬಾಲವಿಲ್ಲದ ಗಿಬ್ಬನ್, ಮುಳ್ಳಿರುವ ಬಿದಿರು

ಸಿಂಗಪುರದ 50 ಡಾಲರ್ ನೋಟು ಯಾವಾಗಲಾದರೂ ಕೈಗೆ ಸಿಕ್ಕರೆ ತಿರುಗಿಸಿ ನೋಡಿ. ಬಳ್ಳಿಗಳ ನಡುವೆ ಎರಡು ಗಿಬ್ಬನ್ ಕಾಣುತ್ತವೆ. 1999ರಲ್ಲಿ ಬಂದ ನೋಟು ಅದು, ಚಿತ್ರ ಬರೆದವರು ಚೆನ್ ವೆನ್ ಶಿ. ಎಷ್ಟೋ ವರ್ಷ ನಾನು ಲಿಟ್ಲ್ ಇಂಡಿಯಾದ ಅಂಗಡಿಯಲ್ಲಿ ತೆಂಗಿನಕಾಯಿ, ಕರಿಬೇವು ತಗೊಂಡು ಅದೇ ನೋಟು ಕೊಟ್ಟು ಚಿಲ್ಲರೆ ಇಸಿದುಕೊಂಡು ಬರುತ್ತಿದ್ದೆ. ಆ ಚಿತ್ರದ ಹಿಂದಿನ ಕತೆ ಗೊತ್ತಾಗಿದ್ದು ನಾನೇ ಕುಂಚ ಹಿಡಿದ ಮೇಲೆ.

ಚೆನ್ ಹುಟ್ಟಿದ್ದು 1906ರಲ್ಲಿ, ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ. ಸಿಂಗಪುರಕ್ಕೆ ಬಂದಿದ್ದು 1948ರಲ್ಲಿ. ಗಿಬ್ಬನ್ ಹುಚ್ಚು ಅವರಿಗೆ ಹತ್ತಿದ್ದು ಒಂದು ಹಳೇ ಚಿತ್ರದ ಅಚ್ಚುಪ್ರತಿ ನೋಡಿ. 13ನೇ ಶತಮಾನದ ಮುಚಿ ಅನ್ನುವ ಬೌದ್ಧ ಸನ್ಯಾಸಿಯ ಚಿತ್ರ ಅದು, ಮೂಲ ಇರುವುದು ಜಪಾನಿನ ಕ್ಯೋಟೋದ ದೈತೊಕು-ಜಿ ದೇವಸ್ಥಾನದಲ್ಲಿ. ಚೆನ್ ಅದನ್ನು ಮತ್ತೆ ಮತ್ತೆ ನೋಡಿ ಬರೆದರು. ಕೈ ಪಳಗಿತು. ಆದರೆ ಜೀವಂತ ಗಿಬ್ಬನ್ ಒಂದನ್ನೂ ಅವರು ಕಂಡಿರಲಿಲ್ಲ. ಹಾಗಾಗಿ ತಮ್ಮ ಗಿಬ್ಬನ್‌ಗಳಿಗೆ ಮಂಗನಿಗೆ ಇರುವಂಥ ಬಾಲ ಇಟ್ಟಿದ್ದರು. ಗಿಬ್ಬನ್‌ಗೆ ಬಾಲವೇ ಇಲ್ಲ. ಅದು ಮಂಗ ಅಲ್ಲ, ಚಿಂಪಾಂಜಿ, ಒರಾಂಗುಟಾನ್‌ಗಳ ಕಡೆಯದು. ನಮ್ಮ ಅಸ್ಸಾಂ ಕಾಡಿನಲ್ಲಿ ಹೂಲಾಕ್ ಇದೆಯಲ್ಲ, ಅದೂ ಗಿಬ್ಬನ್ನೇ.

1940ರ ದಶಕದ ಕೊನೆಯಲ್ಲಿ, ಅವರ ಚಿತ್ರಗಳನ್ನು ಇಷ್ಟಪಟ್ಟ ಒಬ್ಬ ವಿದೇಶಿ ಈ ಮಾತು ಹೇಳಿದನಂತೆ. ಚೆನ್ ಏನು ಮಾಡಿದರು ಗೊತ್ತಾ? 300 ಡಾಲರ್ ಕೊಟ್ಟು ಬಿಳಿ ಮುಖದ ಒಂದು ಗಿಬ್ಬನ್ ಕೊಂಡು ತಂದು ಮನೆಯ ತೋಟದಲ್ಲಿ ಸಾಕಿದರು. ಆಮೇಲೆ ಇನ್ನೊಂದು, ಮತ್ತೊಂದು. ಒಟ್ಟು ಆರು ಸಾಕಿದರು. ಅವು ಹೇಗೆ ಜೋತು ಬೀಳುತ್ತವೆ, ಹೇಗೆ ಕೂರುತ್ತವೆ, ಆ ಉದ್ದ ಕೈ ಮಡಚಿದಾಗ ಮೊಣಕೈ ಎಲ್ಲಿಗೆ ಬರುತ್ತದೆ, ಎಲ್ಲ ನೋಡುತ್ತಾ ಇದ್ದರು. ಕಾಡುಪ್ರಾಣಿಯನ್ನು ಮನೆಯಲ್ಲಿ ಸಾಕುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಆದರೆ ಹೆಸರು ಮಾಡುತ್ತಿದ್ದ ಕಲಾವಿದರೊಬ್ಬರು, ವರ್ಷಗಟ್ಟಲೆ ಬರೆದದ್ದು ತಪ್ಪು ಅಂತ ಗೊತ್ತಾದ ಮೇಲೆ ಮತ್ತೆ ಮೊದಲಿನಿಂದ ನೋಡಲು ಕೂತರಲ್ಲ, ಆ ಮಾತು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ.

ನಾನು ಚೀನಿ ಚಿತ್ರಕಲೆಗೆ ಬಂದದ್ದು ಬೇರೆ ಕಾರಣಕ್ಕೆ. ನಮ್ಮ ಮನೆ ಹತ್ತಿರದ ಕಮ್ಯುನಿಟಿ ಕ್ಲಬ್‌ನಲ್ಲಿ ಶನಿವಾರ ಮಗಳಿಗೆ ಎರಡು ಗಂಟೆ ಕ್ಲಾಸು. ಹೊರಗೆ ಬೆಂಚಿನ ಮೇಲೆ ಕೂತು ಕಾಯುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಹತ್ತು ಹನ್ನೆರಡು ಮಂದಿ, ಹೆಚ್ಚಿನವರು ಅರವತ್ತು ದಾಟಿದವರು, ಮಾತಿಲ್ಲದೆ ತಲೆ ಬಗ್ಗಿಸಿ ಕಪ್ಪು ಕಲ್ಲಿನ ಮೇಲೆ ಏನೋ ತೇಯುತ್ತಾ ಇದ್ದರು. ಅಜ್ಜ ದೇವರ ಮುಂದೆ ಕೂತು ಗಂಧ ತೇಯುತ್ತಿದ್ದ ಹಾಗೆಯೇ ಕಂಡಿತು. ಮುಂದಿನ ತಿಂಗಳು ನಾನೂ ಸೇರಿದೆ. ಈಗ ನಾಲ್ಕು ವರ್ಷ ಆಯ್ತು. ಕಲಿಸುವವರಿಗೆ ಎಪ್ಪತ್ತರ ಮೇಲೆ ವಯಸ್ಸು, ಎಲ್ಲರೂ ಅವರನ್ನು ಲಾವ್‌ಶಿ ಅನ್ನುತ್ತಾರೆ. ಅಂದರೆ ಮೇಷ್ಟ್ರು.

ಅವರು ತೇಯುತ್ತಿದ್ದದ್ದು ಮಸಿ. ಚೀನಿ ಮಸಿ ಕಡ್ಡಿಯ ರೂಪದಲ್ಲಿ ಬರುತ್ತದೆ, ಬೆರಳಿನಷ್ಟು ದಪ್ಪ, ಕಲ್ಲಿನಷ್ಟು ಗಟ್ಟಿ. ದೀಪ ಉರಿಸಿ, ಮೇಲೆ ಬೋಗುಣಿ ಕವುಚಿ, ಅದಕ್ಕೆ ಹತ್ತಿದ ಮಸಿ ಕೆರೆದು, ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಅಂಟಿನ ಜೊತೆ ಕಲಸಿ, ಅಚ್ಚಿಗೆ ಒತ್ತಿ ಒಣಗಿಸುತ್ತಾರೆ. ಟಂಗ್ ಎಣ್ಣೆ ದೀಪದ ಮಸಿಯಾದರೆ ಹೊಳಪು ಕಪ್ಪು, ಪೈನ್ ಮರ ಉರಿಸಿದ ಮಸಿಯಾದರೆ ಹೊಳಪಿಲ್ಲದ ಕಪ್ಪು. ಮೊದಲ ದಿನ ಲಾವ್‌ಶಿ ಇದನ್ನು ವಿವರಿಸುವಾಗ ನನಗೆ ಹೊಸದೇನೂ ಅನ್ನಿಸಲಿಲ್ಲ. ಹರಳೆಣ್ಣೆ ದೀಪಕ್ಕೆ ತಟ್ಟೆ ಕವುಚಿ ಕಾಡಿಗೆ ಮಾಡುವುದನ್ನು ನಮ್ಮ ಮನೆಯಲ್ಲಿ ನೋಡಿದ್ದೆ, ಅಲ್ವಾ. ಕಲ್ಲಿನ ಮೇಲೆ ನಾಲ್ಕು ಹನಿ ನೀರು ಹಾಕಿ, ಕಡ್ಡಿಯನ್ನು ನೆಟ್ಟಗೆ ಹಿಡಿದು, ಒತ್ತದೆ, ಆತುರಪಡದೆ ಸುತ್ತ ತಿರುಗಿಸಬೇಕು. ಹತ್ತು ನಿಮಿಷ, ಕೆಲವೊಮ್ಮೆ ಕಾಲು ಗಂಟೆ. ಸ್ವಲ್ಪ ಹೊತ್ತಿಗೆ ಕರ್ಪೂರದಂಥ ಸಣ್ಣ ವಾಸನೆ ಬರುತ್ತದೆ, ಮಸಿಗೆ ಅಂಥದ್ದನ್ನು ಸೇರಿಸಿರುತ್ತಾರೆ. ನೀರು ಮೊದಲು ಬೂದಿ ಬಣ್ಣಕ್ಕೆ ತಿರುಗಿ, ಆಮೇಲೆ ಎಣ್ಣೆ ಹಾಗೆ ಮಂದವಾಗಿ, ಕಡ್ಡಿ ಹೋದ ದಾರಿ ಒಂದು ಕ್ಷಣ ಹಾಗೇ ಉಳಿಯುತ್ತದೆ. ಆಗ ಮಸಿ ಆಯ್ತು ಅಂತ ಲೆಕ್ಕ. ಬಾಟಲಿಯಲ್ಲಿ ರೆಡಿ ಮಸಿಯೂ ಸಿಗುತ್ತದೆ, ಅವಸರ ಇದ್ದಾಗ ನಾನೂ ಬಳಸುತ್ತೇನೆ. ಆದರೆ ತೇಯುವ ಆ ಕಾಲು ಗಂಟೆಯಲ್ಲಿ ಆಫೀಸು, ಅಡುಗೆ, ಮೊಬೈಲು ಎಲ್ಲ ದೂರ ಹೋಗಿ, ಇವತ್ತು ಏನು ಬರೆಯಬೇಕು ಅನ್ನುವುದೊಂದೇ ಉಳಿಯುತ್ತದೆ. ಅದಕ್ಕೇ ಇರಬೇಕು, ಮೊದಲ ತಿಂಗಳು ಲಾವ್‌ಶಿ ತೇಯುವುದು, ಗೆರೆ ಎಳೆಯುವುದು ಇಷ್ಟೇ ಮಾಡಿಸಿದ್ದು.

ಕೇಳಿದವರಿಗೆ ಸುಮ್ನೆ ಜಲವರ್ಣ ಅಂತ ಹೇಳಿಬಿಡುತ್ತೇನೆ. ನೀರು ಇದೆ, ಬಣ್ಣ ಇದೆ, ಹಾಗಾಗಿ ಸುಳ್ಳೇನಲ್ಲ. ಆದರೆ ಸ್ಕೂಲಿನಲ್ಲಿ ಕಲಿತ ಜಲವರ್ಣದ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ಕಾಗದ ಕಾರಣ. ಶುವಾನ್ ಕಾಗದ ಅಂತ, ಆನ್‌ಹುಯಿ ಪ್ರಾಂತ್ಯದ ಜಿಂಗ್‌ಶಿಯನ್ ಕಡೆ ಒಂದು ಜಾತಿಯ ಮರದ ತೊಗಟೆ ಮತ್ತು ಭತ್ತದ ಹುಲ್ಲು ಸೇರಿಸಿ ಕೈಯಲ್ಲೇ ಮಾಡುತ್ತಾರೆ. 2009ರಲ್ಲಿ ಯುನೆಸ್ಕೋ ಈ ಕಸುಬನ್ನು ತನ್ನ ಪಟ್ಟಿಗೆ ಸೇರಿಸಿತು. ಅದರಲ್ಲಿ ಹಸಿ ಕಾಗದ, ಬೆಂದ ಕಾಗದ ಅಂತ ಎರಡು ಬಗೆ. ಬೆಂದದ್ದಕ್ಕೆ ಪಟಿಕ ಮತ್ತು ಅಂಟು ಬಳಿದಿರುತ್ತಾರೆ, ಮಸಿ ಹರಡುವುದಿಲ್ಲ, ಸಣ್ಣ ಸಣ್ಣ ಗೆರೆಯ ಕುಸುರಿ ಚಿತ್ರಕ್ಕೆ ಅದು ಬೇಕು. ನಾವು ಬಳಸುವುದು ಹಸಿಯದನ್ನು. ಕುಂಚ ತಾಗಿದ ಕೂಡಲೇ ಹೀರಿಕೊಳ್ಳುತ್ತದೆ. ನಿಂತರೆ ಹರಡುತ್ತದೆ. ತಪ್ಪಿದರೆ ಅಳಿಸಲು ಆಗುವುದಿಲ್ಲ, ಮೇಲೆ ಇನ್ನೊಂದು ಬಣ್ಣ ಹಚ್ಚಿ ಮುಚ್ಚಲೂ ಆಗುವುದಿಲ್ಲ. ಒಣಗಿದ ಮೇಲೆ ಮಸಿ ತಿಳಿಯಾಗುತ್ತದೆ, ಹಾಗಾಗಿ ಬರೆಯುವಾಗಲೇ ಅಂದಾಜು ಹಾಕಿ ಸ್ವಲ್ಪ ಜಾಸ್ತಿ ಕಪ್ಪು ಹಿಡಿಯಬೇಕು. ಸಿಂಗಪುರದ ಹವೆಯಂತೂ ವರ್ಷವಿಡೀ ನಮ್ಮ ಮಲೆನಾಡಿನ ಶ್ರಾವಣ ಇದ್ದ ಹಾಗೆ, ಕಾಗದ ಮೊದಲೇ ತೇವ ಕುಡಿದು ಕೂತಿರುತ್ತದೆ. ಒಮ್ಮೆ ಒಂದು ಇಡೀ ಕಟ್ಟು ಕಾಗದವನ್ನು ಕಪಾಟಿನ ತಳದಲ್ಲಿಟ್ಟು ಮರೆತೆ. ತೆಗೆದಾಗ ಕಂದು ಚುಕ್ಕೆ ಬಿದ್ದು ಹಾಳಾಗಿತ್ತು. ತುಂಬಾ ಬೇಜಾರಾಯ್ತು.

ಎಲ್ಲರೂ ಶುರು ಮಾಡುವುದು ಬಿದಿರಿನಿಂದ. ಮೊದಲು ಕುಂಚವನ್ನು ತಿಳಿ ಮಸಿಯಲ್ಲಿ ಪೂರ್ತಿ ನೆನೆಸಿ, ತುದಿಯನ್ನು ಮಾತ್ರ ದಟ್ಟ ಮಸಿಗೆ ಮುಟ್ಟಿಸಬೇಕು. ಆಗ ಒಂದೇ ಎಳೆತದಲ್ಲಿ ಒಂದು ಕಡೆ ಕಪ್ಪು, ಇನ್ನೊಂದು ಕಡೆ ಬೂದು ಬಂದು ಕಾಂಡ ದುಂಡಗೆ ಕಾಣುತ್ತದೆ. ಕಾಂಡವನ್ನು ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಬಿದಿರು ಬೆಳೆಯುವ ದಿಕ್ಕಿನಲ್ಲೇ. ಒತ್ತಿ, ಎಳೆದು, ಗಿಣ್ಣು ಬರುವಲ್ಲಿ ನಿಲ್ಲಿಸಿ, ಎತ್ತಿ, ಕೂದಲೆಳೆಯಷ್ಟು ಜಾಗ ಬಿಟ್ಟು ಮತ್ತೆ ಒತ್ತಿ. ಮಸಿ ಆರುವ ಮೊದಲು ಗಿಣ್ಣಿನ ಗೆರೆ. ಎಲೆ ಅಂದರೆ ಒಂದು ಉಸಿರು. ಕುಂಚ ಒತ್ತಿ ಎತ್ತಿದರೆ ತುದಿ ಚೂಪಾಗಿ ಮುಗಿಯಬೇಕು. ಎಲೆ ಮೇಲೆ ಎದ್ದಿದ್ದರೆ ಬಿಸಿಲಿನ ಬಿದಿರು, ಕೆಳಗೆ ಇಳಿಬಿದ್ದಿದ್ದರೆ ಮಳೆಯ ಬಿದಿರು, ಎಲ್ಲ ಒಂದೇ ಕಡೆ ಓಡಿದ್ದರೆ ಗಾಳಿಯದು. ಬಿಸಿಲನ್ನೂ ಬರೆಯುವುದಿಲ್ಲ, ಮಳೆಯನ್ನೂ ಬರೆಯುವುದಿಲ್ಲ.

ಇಲ್ಲಿ ಒಂದು ಮಾತು ನನಗೆ ತುಂಬಾ ಇಷ್ಟ. ಕನ್ನಡದಲ್ಲಿ ನಾವು ಚಿತ್ರ ಬರೆಯುತ್ತೇವೆ, ಅಕ್ಷರವನ್ನೂ ಬರೆಯುತ್ತೇವೆ. ಚೀನಿ ಭಾಷೆಯಲ್ಲೂ ಬಿದಿರನ್ನು ‘ಬರೆಯುವುದು’ ಅನ್ನುವ ಮಾತಿದೆ. ಈ ಶೈಲಿಯ ಹೆಸರೇ ಶಿಯೆ-ಯಿ, ಮನಸ್ಸಿನಲ್ಲಿ ಇರುವುದನ್ನು ಬರೆಯುವುದು ಅಂತ. ಅಕ್ಷರಕ್ಕೂ ಚಿತ್ರಕ್ಕೂ ಅದೇ ಕುಂಚ, ಅದೇ ಮಸಿ, ಅದೇ ಕಾಗದ. ಈ ಸಂಗತಿ ಗೊತ್ತಾದ ದಿನ ಕ್ಲಾಸಿನಲ್ಲಿ ಎಲ್ಲರಿಗೂ ಹೇಳಿದೆ, ನಮ್ಮ ಭಾಷೆಯಲ್ಲೂ ಹೀಗೇ ಅಂತ. ಲಾವ್‌ಶಿ ಖುಷಿಯಾಗಿ ಕನ್ನಡದಲ್ಲಿ ‘ಬಿದಿರು’ ಅಂತ ಕುಂಚದಲ್ಲಿ ಬರೆದು ತೋರಿಸು ಅಂದರು. ನಮ್ಮ ದುಂಡು ಅಕ್ಷರಕ್ಕೆ ಆ ಕುಂಚ ಎಷ್ಟು ಚೆನ್ನಾಗಿ ತಿರುಗುತ್ತದೆ ಗೊತ್ತಾ!

ಹನ್ನೊಂದನೇ ಶತಮಾನದಲ್ಲಿ ವೆನ್ ತೊಂಗ್ ಅಂತ ಬಿದಿರು ಬರೆಯುವುದಕ್ಕೇ ಹೆಸರಾದವರು ಒಬ್ಬರಿದ್ದರು. ಅವರ ಬಗ್ಗೆ ಅವರ ಗೆಳೆಯ, ಕವಿ ಸು ಶಿ ಬರೆದಿಟ್ಟಿದ್ದಾರೆ. ಕುಂಚ ಹಿಡಿಯುವ ಮೊದಲು ಎದೆಯೊಳಗೆ ಇಡೀ ಬಿದಿರು ನಿಂತಿರಬೇಕು, ಕಂಡ ಕೂಡಲೇ ಅದರ ಹಿಂದೆ ಬೀಳಬೇಕು, ಮೊಲ ಎದ್ದಾಗ ಗಿಡುಗ ಎರಗುವ ಹಾಗೆ, ತಡ ಮಾಡಿದರೆ ಹೋಯ್ತು. ಇದು ಕವಿಯ ಅಲಂಕಾರ ಅಂದುಕೊಂಡಿದ್ದೆ. ಹಸಿ ಕಾಗದದ ಮೇಲೆ ಒಮ್ಮೆ ಬರೆದು ನೋಡಿ, ಅಕ್ಷರಶಃ ಹಾಗೇ ಇದೆ. ಮುಂದಿನ ಎಲೆ ಎಲ್ಲಿ ಹಾಕಲಿ ಅಂತ ಯೋಚಿಸುತ್ತಾ ನಿಂತರೆ ಕುಂಚದ ತುದಿಯಲ್ಲಿದ್ದ ಹನಿ ಕೆಳಗೆ ಬಿದ್ದು ರೂಪಾಯಿ ಅಗಲ ಹರಡಿರುತ್ತದೆ. ಯೋಚನೆ ಮಾಡುವುದಕ್ಕೆ ಅಲ್ಲಿ ಸಮಯ ಇಲ್ಲ. ನೋಡುವುದು, ಯೋಚಿಸುವುದು ಎಲ್ಲ ಮೊದಲೇ ಮುಗಿದಿರಬೇಕು.

ಎರಡು ವರ್ಷ ಬಿದಿರು ಬರೆದೆ. ಆರ್ಕಿಡ್, ಸೇವಂತಿಗೆ, ಪ್ಲಮ್ ಹೂ ಕೂಡ. ಇವು ಮೂರನ್ನೂ ಬಿದಿರಿನ ಜೊತೆ ಸೇರಿಸಿ ನಾಲ್ವರು ಸಜ್ಜನರು ಅನ್ನುತ್ತಾರೆ. ಸೇವಂತಿಗೆ ಬಿಟ್ಟರೆ ಉಳಿದವು ನನಗೆ ಅಷ್ಟಾಗಿ ಹಿಡಿಯಲಿಲ್ಲ. ಬಿದಿರು ಮಾತ್ರ ಚೆನ್ನಾಗಿ ಬರುತ್ತಿತ್ತು, ಗೆಳತಿಯರು ಕೇಳಿ ಇಸಿದುಕೊಂಡು ಹೋಗಿ ಗೋಡೆಗೆ ಹಾಕುತ್ತಿದ್ದರು. ಆ ಹೊತ್ತಿಗೇ ಒಂದು ದಿನ ನ್ಯಾಷನಲ್ ಗ್ಯಾಲರಿಗೆ ಹೋಗಿದ್ದೆ. ಚೆನ್ ಅವರ ಗಿಬ್ಬನ್‌ಗಳ ಎದುರು ನಿಂತಾಗ, ತೋಳಿನ ರೋಮಕ್ಕೆ ಒಣಗಿದ ಕುಂಚ ಎಳೆದದ್ದು, ಮೈಗೆ ಒದ್ದೆ ಕುಂಚ ಬಿಟ್ಟದ್ದು, ಎರಡೂ ಬೇರೆ ಬೇರೆಯಾಗಿ ಕಂಡವು. ಆ ಬಾಲದ ಕತೆ ನೆನಪಾಯ್ತು. ಕೂಡಲೇ ಇನ್ನೊಂದು ಪ್ರಶ್ನೆ ಬಂತು. ನಾನು ಬರೆಯುತ್ತಿರುವ ಬಿದಿರು ಯಾರ ಬಿದಿರು? ಲಾವ್‌ಶಿ ಬರೆದು ಕೊಟ್ಟದ್ದನ್ನು ನೋಡಿ ಬರೆದೆ, ಅವರು ತಮ್ಮ ಗುರುಗಳದ್ದನ್ನು ನೋಡಿ ಬರೆದಿದ್ದರು. ನಯವಾದ, ನೆಟ್ಟಗೆ ನಿಂತ, ಚೀನಾದ ಬಿದಿರು ಅದು.

ನನ್ನೂರು ಶಿರಸಿ ಕಡೆ. ನಮ್ಮ ಮನೆಯ ದಣಪೆ ದಾಟಿ ಹತ್ತು ಹೆಜ್ಜೆಗೆ ಒಂದು ದೊಡ್ಡ ಬಿದಿರು ಮೆಳೆ. ಮಳೆಗಾಲದಲ್ಲಿ ಅಲ್ಲಿಂದಲೇ ಕಳಲೆ ಮುರಿದು ತಂದು, ಹೆಚ್ಚಿ ನೀರಲ್ಲಿ ನೆನೆಸಿಟ್ಟು, ಮೂರನೇ ದಿನ ಪಲ್ಯ. ಆ ಬಿದಿರು ನಯವಾಗಿಲ್ಲ, ನೆಟ್ಟಗೂ ಇಲ್ಲ. ಬುಡದಲ್ಲಿ ಒಂದಕ್ಕೊಂದು ಹೆಣೆದುಕೊಂಡ ಮುಳ್ಳು ಕೊಂಬೆಗಳು. ದನ ಕೂಡ ಒಳಗೆ ಹೋಗುವುದಿಲ್ಲ. ಮೇಲೆ ಹೋದಂತೆ ಬಾಗಿ, ರಸ್ತೆಯ ಮೇಲೆ ಬಳುಕುತ್ತದೆ.

ಅವತ್ತು ಸಂಜೆ ಅಮ್ಮನಿಗೆ ಫೋನ್ ಮಾಡಿದೆ. “ಅಮ್ಮ, ಆ ಬಿದಿರು ಮೆಳೆದು ಒಂದೆರಡು ಫೋಟೋ ಕಳಿಸ್ತೀಯಾ?”

“ಎಂತಕ್ಕೆ ಮಾರಾಯ್ತಿ ಅದರ ಫೋಟೋ? ಗುಲಾಬಿ ಬಿಟ್ಟಿದೆ, ಅದರದ್ದು ಕಳಿಸ್ತೆ.”

ಗುಲಾಬಿ ಫೋಟೋ ನಾಲ್ಕು ಬಂತು. ಬಿದಿರಿನದ್ದೂ ಎರಡು ಬಂತು, ದೂರದಿಂದ, ಬಿಸಿಲಿಗೆ ಎದುರಾಗಿ ತೆಗೆದದ್ದು. ನನಗೆ ಅಷ್ಟು ಸಾಕಾಯ್ತು, ಉಳಿದದ್ದು ನೆನಪಿದೆ ಅಂದುಕೊಂಡೆ.

ಮುಂದಿನ ಶನಿವಾರ ಮುಳ್ಳು ಬಿದಿರು ಬರೆದು ಲಾವ್‌ಶಿ ಮುಂದೆ ಇಟ್ಟೆ. ಅವರು ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು.

“ಇದೇನು?”

“ಮುಳ್ಳು. ನಮ್ಮೂರಿನ ಬಿದಿರಿಗೆ ಮುಳ್ಳಿರುತ್ತದೆ.”

“ನೀನು ನೋಡಿದ್ದೀಯಾ?”

“ನೋಡಿದ್ದೇನೆ. ಚುಚ್ಚಿಸಿಕೊಂಡಿದ್ದೇನೆ.”

“ಹಾಗಾದರೆ ಇರಲಿ,” ಅಂದರು. “ಆದರೆ ಎಲ್ಲ ಯಾಕೆ ಬರೆದೆ?”

ಹೌದು, ಕಂಡ ಮುಳ್ಳನ್ನೆಲ್ಲ ಬರೆದಿದ್ದೆ. ಬಿದಿರಿಗೆ ಬದಲು ತಂತಿಬೇಲಿ ಬರೆದ ಹಾಗಿತ್ತು. ಆಗ ಅವರು ಚಿ ಬಾಯ್‌ಶಿ ಅವರ ಸಿಗಡಿಯ ವಿಷಯ ಹೇಳಿದರು. 1864ರಲ್ಲಿ ಹುನಾನ್ ಪ್ರಾಂತ್ಯದ ಬಡ ಕುಟುಂಬದಲ್ಲಿ ಹುಟ್ಟಿ, ಬಡಗಿ ಕೆಲಸ ಮಾಡಿ, 1957ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಚೀನಾದ ಮನೆಮನೆಗೂ ಗೊತ್ತಿದ್ದ ಕಲಾವಿದರು ಅವರು. ಮನೆಯಲ್ಲಿ ಬೋಗುಣಿಯೊಳಗೆ ಜೀವಂತ ಸಿಗಡಿ ಇಟ್ಟುಕೊಂಡು ನೋಡುತ್ತಿದ್ದರು. ಮೊದಮೊದಲು ಎಲ್ಲ ಕಾಲುಗಳನ್ನೂ ಬರೆಯುತ್ತಿದ್ದರು. ವರ್ಷ ಹೋದ ಹಾಗೆ ಕಾಲುಗಳನ್ನು ಕಡಿಮೆ ಮಾಡುತ್ತಾ ಬಂದರು. ಕಾಲು ಕಡಿಮೆಯಾದಷ್ಟೂ ಸಿಗಡಿ ಜಾಸ್ತಿ ಈಜಿತು. ಅವರ ಸಿಗಡಿ ಚಿತ್ರದಲ್ಲಿ ನೀರಿನ ಒಂದು ಗೆರೆಯೂ ಇರುವುದಿಲ್ಲ, ಬರೀ ಕಾಗದ. ತಿಳಿ ಮಸಿಯ ಮೈ, ತಲೆಯೊಳಗೆ ಒಂದು ದಟ್ಟ ಕಪ್ಪು ಎಳೆತ, ಅಲುಗುವ ಮೀಸೆ, ಅಷ್ಟೇ. ಆದರೂ ನೋಡಿದವರಿಗೆ ನೀರು ಕಾಣುತ್ತದೆ. ಯಾವುದನ್ನು ಬಿಡಬಹುದು ಅಂತ ಗೊತ್ತಾಗುವುದು ಎಲ್ಲವನ್ನೂ ನೋಡಿದವರಿಗೆ ಮಾತ್ರ ಅಂತ ಲಾವ್‌ಶಿ ಹೇಳಿದರು. ನಾನು ಇದನ್ನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ, ಅವರು ಮ್ಯಾಂಡರಿನ್, ಇಂಗ್ಲಿಷ್ ಕಲಸಿ ಕೈ ಸನ್ನೆಯಲ್ಲಿ ಹೇಳಿದ್ದು.

ಅಲ್ಲಿಂದ ಆರು ತಿಂಗಳು ಮುಳ್ಳು ಬಿದಿರೊಂದನ್ನೇ ಬರೆದೆ. ಮೂವತ್ತು ಮುಳ್ಳು ಹದಿನೈದಾಯ್ತು, ಆಮೇಲೆ ಏಳಾಯ್ತು. ಏಳಕ್ಕಿಂತ ಕೆಳಗೆ ಇಳಿದಾಗ ಮತ್ತೆ ಚೀನಾದ ಬಿದಿರೇ ಆಗಿಬಿಟ್ಟಿತು, ಹಾಗಾಗಿ ಏಳಕ್ಕೆ ನಿಲ್ಲಿಸಿದೆ. ಕುಂಚವನ್ನೂ ಬದಲಾಯಿಸಿದೆ. ಕಾಂಡಕ್ಕೆ ಮೇಕೆ ಕೂದಲಿನ ಮೆತ್ತನೆ ಕುಂಚ, ಅದು ನೀರು ಜಾಸ್ತಿ ಹಿಡಿಯುತ್ತದೆ. ಮುಳ್ಳಿಗೆ ವೀಸಲ್ ಅನ್ನುವ, ಮುಂಗುಸಿಯಂಥ ಪ್ರಾಣಿಯ ಬಾಲದ ಕೂದಲಿನದ್ದು. ಚೀನಿಯವರು ಅದನ್ನು ತೋಳದ ಕೂದಲು ಅಂತಲೇ ಕರೆಯುತ್ತಾರೆ. ಬಿಗಿಯಾಗಿ ಪುಟಿಯುತ್ತದೆ, ಮುಳ್ಳು ಟಕ್ ಅಂತ ಮೂಡುತ್ತದೆ.

ಎಲೆಗೆ ಸ್ವಲ್ಪ ಹಸಿರು ಬೇಕು ಅನ್ನಿಸಿತು. ಚೀನಿ ಚಿತ್ರದಲ್ಲಿ ಎಲೆಹಸಿರನ್ನು ಎರಡು ಬಣ್ಣ ಕೂಡಿಸಿ ಮಾಡುತ್ತಾರೆ. ಒಂದು ನೀಲಿ ಗಿಡದ ನೀಲಿ. ಇನ್ನೊಂದು ತೆಂಗ್-ಹ್ವಾಂಗ್ ಅನ್ನುವ ಹಳದಿ, ಮರದ ಅಂಟಿನಿಂದ ಬರುವಂಥದ್ದು. ಇಂಗ್ಲಿಷಿನ ಗಾಂಬೋಜ್ ಅದೇ. ಆ ಮರ ಯಾವುದು ಅಂತ ಹುಡುಕುತ್ತಾ ಹೋದರೆ, ನಮ್ಮ ಮುರುಗಲು, ಉಪ್ಪಾಗೆಗಳ ನಂಟು! ಪಶ್ಚಿಮ ಘಟ್ಟದ ಅರಿಶಿನ ಗುರ್ಗಿಯೂ ಅದೇ ಬಳಗದ್ದು, ಅದರ ತೊಗಟೆಗೆ ಗಾಯ ಮಾಡಿದರೂ ಹಳದಿ ಅಂಟು ಒಸರುತ್ತದೆ. ಶಿರಸಿಯ ಬಿದಿರಿಗೆ ಶಿರಸಿ ಕಾಡಿನ ಮರದ ನೆಂಟನಿಂದಲೇ ಬಣ್ಣ ಬಂತಲ್ಲ ಅಂತ ಅವತ್ತು ಎಷ್ಟು ಸಂತೋಷವಾಯ್ತು ಅಂದರೆ, ರಾತ್ರಿ ಮಗಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಒಂದು ಎಚ್ಚರಿಕೆ. ಅಸಲಿ ತೆಂಗ್-ಹ್ವಾಂಗ್ ವಿಷ. ಕುಂಚದ ತುದಿಯನ್ನು ಬಾಯಲ್ಲಿ ಚೂಪು ಮಾಡುವ ಅಭ್ಯಾಸ ಇದ್ದರೆ ಇಲ್ಲಿ ಬಿಟ್ಟುಬಿಡಿ.

ಕೊನೆಗೆ ಹೋದ ತಿಂಗಳು ಒಂದು ಚಿತ್ರ ನನಗೆ ತೃಪ್ತಿಯಾಗುವ ಹಾಗೆ ಬಂತು. ಎಡಗಡೆ ಬುಡದಲ್ಲಿ ಹೆಣೆದುಕೊಂಡ ಕೊಂಬೆ, ಏಳು ಮುಳ್ಳು, ಅಲ್ಲಿಂದ ಒಂದೇ ಕಾಂಡ ಮೇಲೆದ್ದು ಬಲಕ್ಕೆ ಬಾಗಿದೆ. ಬಲಗಡೆ ಕೆಳಗೆ ಖಾಲಿ ಬಿಟ್ಟಿದ್ದೇನೆ, ನಮ್ಮ ರಸ್ತೆಗೆ. ಲಾವ್‌ಶಿ ತಲೆಯಾಡಿಸಿ, ಮುದ್ರೆ ಒತ್ತು ಅಂದರು. ಹಾಗೆ ಅವರು ಹೇಳುವುದು ಅಪರೂಪ. ಕಲ್ಲಿನಲ್ಲಿ ಕೆತ್ತಿಸಿದ ಸಣ್ಣ ಮುದ್ರೆಯನ್ನು ಕೆಂಪು ಮುದ್ದೆಗೆ ಒತ್ತಿ, ಖಾಲಿ ಜಾಗದ ಅಂಚಿಗೆ ಹಾಕಿದೆ. ನನ್ನ ಮುದ್ರೆಯಲ್ಲಿ ಇರುವುದು ಕನ್ನಡ ಅಕ್ಷರ. ಆಮೇಲೆ ಹಿಂದೆ ಇನ್ನೊಂದು ಕಾಗದ ಇಟ್ಟು ಗೋಧಿ ಗಂಜಿಯಲ್ಲಿ ಅಂಟಿಸಿ ಹಲಗೆಗೆ ಬಿಗಿದು ಒಣಗಿಸಿದೆವು. ಸುಕ್ಕೆಲ್ಲ ಹೋಗಿ, ಮಸಿ ಒಳಗಿನಿಂದ ಎದ್ದು ಬಂದ ಹಾಗೆ ಕಂಡಿತು. ಫೋಟೋ ತೆಗೆದು ಅಮ್ಮನಿಗೆ ವಾಟ್ಸಾಪ್ ಮಾಡಿದೆ.

ಅಮ್ಮ ಹತ್ತು ನಿಮಿಷ ಬಿಟ್ಟು ತಾನೇ ಫೋನ್ ಮಾಡಿದಳು. ಚೆನ್ನಾಗಿದೆ ಅಂದಳು. ದಣಪೆ ಹತ್ತಿರದ್ದೇ ಅಲ್ವಾ ಅಂತಲೂ ಗುರುತು ಹಿಡಿದಳು. ಸ್ವಲ್ಪ ಸುಮ್ಮನಿದ್ದು ಕೇಳಿದಳು.

“ಮುಳ್ಳು ಮೇಲ್ಮುಖ ಬರೆದಿದ್ದೀಯಲ್ಲೆ. ಅದು ಹಿಂದಕ್ಕೆ ಬಾಗಿರ್ತದೆ.”

“ಹೌದಾ?”

“ಮತ್ತೆ? ಕಳಲೆ ತೆಗೆಯೋಕೆ ಒಳಗೆ ಕೈ ಹಾಕುವಾಗ ಎಂತದೂ ಆಗೋದಿಲ್ಲ. ವಾಪಸ್ ತೆಗೆಯುವಾಗ ಹಿಡಿದುಕೊಳ್ತದೆ. ಎಷ್ಟು ಸೀರೆ ಹರಿದಿದೆ ನಂದು.”

ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಬಿಸಿಲಿಗೆ ಎದುರಾಗಿ ತೆಗೆದದ್ದು, ಮುಳ್ಳು ಇದೆ ಅಂತ ಗೊತ್ತಾಗುತ್ತದೆ, ಯಾವ ಕಡೆ ಬಾಗಿದೆ ಅಂತ ಗೊತ್ತಾಗುವುದಿಲ್ಲ. ಇನ್ನೊಂದು ಫೋಟೋ ಕಳಿಸು ಅಂತ ನಾನು ಕೇಳಲಿಲ್ಲ. ಜೂನ್‌ನಲ್ಲಿ ಮಗಳಿಗೆ ರಜೆ, ಊರಿಗೆ ಟಿಕೆಟ್ ಮಾಡಿದ್ದೇನೆ. ಕಳಲೆ ಏಳುವ ಹೊತ್ತು. ಅಮ್ಮನ ಜೊತೆ ಮೆಳೆಯೊಳಗೆ ಕೈ ಹಾಕಬೇಕು.

ಅಲ್ಲಿಯವರೆಗೆ ಬಿದಿರು ನಿಲ್ಲಿಸಿದ್ದೇನೆ. ಭಾನುವಾರ ಬೆಳಿಗ್ಗೆ ಸುಂಗೈ ಬುಲೋ ಕಾಂಡ್ಲಾ ಕಾಡಿಗೆ ಹೋಗಿ ಬೆಳ್ಳಕ್ಕಿ ನೋಡುತ್ತಾ ಕೂರುತ್ತೇನೆ. ಬಿಳಿ ಕಾಗದದ ಮೇಲೆ ಬಿಳಿ ಹಕ್ಕಿ ಬರೆಯಬೇಕಾದರೆ ಹಕ್ಕಿಯನ್ನು ಮುಟ್ಟದೆ ಸುತ್ತಲಿನ ನೀರಿಗೆ ಮಾತ್ರ ತಿಳಿ ಮಸಿ ಹಾಕಬೇಕು. ಮೂರು ವಾರ ಆಯ್ತು, ಇನ್ನೂ ಕುಂಚ ಮುಟ್ಟಿಲ್ಲ. ಹೆಜ್ಜೆ ಎತ್ತುವಾಗ ಅದರ ಬೆರಳುಗಳು ಮೊದಲು ಮಡಚುತ್ತವೋ, ಮೊಣಕಾಲು ಮೊದಲು ಮಡಚುತ್ತದೋ, ಅದನ್ನು ನೋಡುತ್ತಾ ಇದ್ದೇನೆ.